ನಿಮಗಿದು ಗೊತ್ತೇ? ಟ್ರೌಟ್ ಇಲ್ಲದ ಸೀಮೆಯಲ್ಲಿ ಗಾಳದ ಸಂಗತಿಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳ ಕೆರೆ, ಕಟ್ಟೆ, ಹಳ್ಳಗಳನ್ನೆಲ್ಲ ಜಾಲಾಡಿದರೂ ಒಂದೇ ಒಂದು ಟ್ರೌಟ್ ಮೀನು ಸಿಗುವುದಿಲ್ಲ. ಕಾರಣ ಬಿಸಿಲು. ಟ್ರೌಟ್ ಹಾಯಾಗಿರುವುದು 10ರಿಂದ 16 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ. 20 ದಾಟಿದರೆ ಮೇವು ಬಿಡುತ್ತದೆ, 25ರ ಹತ್ತಿರ ಹೋದರೆ ಪ್ರಾಣವನ್ನೇ ಬಿಡುತ್ತದೆ. ನಮ್ಮ ಕೆರೆಗಳ ಮೇಲುನೀರು ಬೇಸಿಗೆಯಲ್ಲಿ 30 ಮುಟ್ಟುವುದು ಮಾಮೂಲಿ. ಇದೇ ಬಿಸಿಲನ್ನು ನಂಬಿ ಪಾವಗಡದ ತಿರುಮಣಿ ಬಯಲಿನಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ ಎಂದ ಮೇಲೆ ಟ್ರೌಟ್‌ಗೆ ಇಲ್ಲಿ ಏನು ಕೆಲಸ?

ಆದರೆ ಗಾಳಕ್ಕೆ ಕೆಲಸವಿದೆ. ಅದೂ ಸರಿಯಾಗಿ ಟ್ರೌಟ್ ಸೀಮೆಯವರು ಕೋಲು ಎತ್ತಿಕೊಳ್ಳುವ ಹೊತ್ತಿಗೇ!

ಹಿಮಾಚಲ ಪ್ರದೇಶದಲ್ಲಿ ನವೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಅದು ಮೊಟ್ಟೆಯಿಡುವ ಕಾಲ. ಮಾರ್ಚ್ 1ಕ್ಕೆ ನದಿ ತೆರೆಯುತ್ತದೆ. ನಮ್ಮಲ್ಲಿ ದಿನಾಂಕ ಗೊತ್ತುಮಾಡುವವರು ಯಾರೂ ಇಲ್ಲ, ತೂಬೇ ಗೊತ್ತುಮಾಡುತ್ತದೆ. ಉತ್ತರೆ, ಹಸ್ತ, ಚಿತ್ತಾ ಮಳೆಗೆ ತುಂಬಿದ ಕೆರೆಯ ನೀರು ಗದ್ದೆಗೂ ಬಿಸಿಲಿಗೂ ಹಂಚಿಹೋಗಿ, ಶಿವರಾತ್ರಿಯಿಂದ ಯುಗಾದಿಯ ನಡುವೆ ಅಂಗಳದ ನಡುಮಧ್ಯಕ್ಕೆ ಸರಿಯುತ್ತದೆ. ಮೀನು ಒತ್ತಾಗುತ್ತದೆ. ಏರಿಯ ಕಲ್ಲಿನ ಮೇಲೆ ಕೋಲು ಹಿಡಿದು ಕೂರುವವರು ಆಗ ಹೆಚ್ಚುತ್ತಾರೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು; 20 ಡಿಗ್ರಿಯದು 9.1, 30 ಡಿಗ್ರಿಯದು ಬರೀ 7.5. ಬಿಸಿ ನೀರಿನಲ್ಲಿ ಮೀನಿನ ಮೈ ಚುರುಕಾಗಿ ಉಸಿರಿನ ಬೇಡಿಕೆ ಏರುವುದು ಬೇರೆ. ಬೇಕಾದಾಗ ಇಲ್ಲ, ಇದ್ದಾಗ ಬೇಡ. ಬಯಲುಸೀಮೆಯ ರೈತನಿಗೆ ಈ ಲೆಕ್ಕ ಹೊಸದೇನಲ್ಲ.

ಹಾಗಾದರೆ ಕೊರವ ಮೀನು ಇಲ್ಲಿ ಹೇಗೆ ಬಾಳುತ್ತದೆ? ಮೇಲೆ ಬಂದು ಗಾಳಿಯನ್ನೇ ನುಂಗುತ್ತದೆ. ಕಿವಿರಿನ ಮೇಲುಗಡೆ ಅದಕ್ಕೆ ಗಾಳಿ ಹೀರುವ ಕೋಣೆಯೊಂದಿದೆ. ಈ ಅನುಕೂಲವೇ ಅದಕ್ಕೆ ಕಟ್ಟುಪಾಡೂ ಹೌದು: ಬೆಳೆದ ಕೊರವವನ್ನು ಬಲೆಯಲ್ಲಿ ಸಿಕ್ಕಿಸಿ ಮೇಲೆ ಬರದಂತೆ ನೀರಿನಡಿಯಲ್ಲೇ ಹಿಡಿದಿಟ್ಟರೆ ಅದು ಮುಳುಗಿ ಸಾಯುತ್ತದೆ. ಮೀನು ನೀರಿನಲ್ಲಿ ಮುಳುಗಿ ಸತ್ತಿತು ಎಂದರೆ ಸುಳ್ಳೆಂದು ನಗಬೇಡಿ.

ಇದೇ ಮೀನನ್ನು ಪಾವಗಡದ ತೆಲುಗು ಮನೆಗಳಲ್ಲಿ ಕೊರ್ರಮೀನು ಎನ್ನುತ್ತಾರೆ. ತೆಲಂಗಾಣದ ರಾಜ್ಯಮೀನು ಅದೇ. ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಉಬ್ಬಸದವರು ಔಷಧಿ ತುಂಬಿಸಿಕೊಂಡು ಜೀವಂತ ನುಂಗುವುದೂ ಇದರ ಮರಿಯನ್ನೇ. ಗಾಳಿ ನುಂಗುವ ಮೀನಿಗೂ ಉಸಿರಿನ ಕಾಯಿಲೆಗೂ ಜನ ನಂಟು ಹಾಕಿದ್ದಾರೋ ಏನೋ. ಔಷಧಿಯ ಗುಣದ ಬಗ್ಗೆ ವೈದ್ಯರನ್ನೇ ಕೇಳಿ.

ಒಂದೇ ಬೆಟ್ಟದ ಮೇಲೆ ಬಿದ್ದ ಎರಡು ಹನಿ ಸಮುದ್ರ ಸೇರುವಾಗ ಎಷ್ಟು ದೂರವಾಗಬಹುದು? ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ತೆಂಕಣಕ್ಕೆ ಹರಿದು ಕಾವೇರಿ ಸೇರುತ್ತದೆ. ಅದೇ ಬೆಟ್ಟದ ಜಯಮಂಗಲಿ ಬಡಗಣಕ್ಕೆ ತಿರುಗಿ, ಕೊರಟಗೆರೆ ಸೀಮೆಯ ಸುವರ್ಣಮುಖಿ, ಗರುಡಾಚಲಗಳನ್ನು ಕೂಡಿಸಿಕೊಂಡು, ಮಧುಗಿರಿ ತಾಲ್ಲೂಕನ್ನು ಹಾದು, ಆಂಧ್ರದ ಪರಿಗಿಯ ಬಳಿ ಉತ್ತರ ಪಿನಾಕಿನಿಗೆ, ಅಂದರೆ ಪೆನ್ನಾರ್‌ಗೆ, ಬೀಳುತ್ತದೆ. ಶಿರಾ ಕಡೆಯ ನೀರಿನದು ಮೂರನೆಯ ದಾರಿ. ಅಲ್ಲಿಯದೂ ಸುವರ್ಣಮುಖಿಯೇ, ಆದರೆ ಬೇರೆ ಸುವರ್ಣಮುಖಿ. ಹಿರಿಯೂರಿನ ಕೂಡಲಹಳ್ಳಿಯಲ್ಲಿ ವೇದಾವತಿ ಸೇರಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ. ಹೀಗೆ ಕಾವೇರಿ, ಪೆನ್ನಾರ್, ಕೃಷ್ಣಾ ಮೂರೂ ಕೊಳ್ಳಗಳು ಇಲ್ಲಿ ಬೆನ್ನು ತಾಗಿಸಿ ನಿಂತಿವೆ.

ಕೊಳ್ಳಗಳ ನಡುವೆ ಬೇಲಿ ಇದ್ದದ್ದು ಹೌದು, ಈಗ ಅದರಲ್ಲಿ ಕಂಡಿ ಬಿದ್ದಿದೆ. ಹೇಮಾವತಿ ನಾಲೆಯ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಬರುತ್ತದಲ್ಲ, ಅದು ಕಾವೇರಿ ಕೊಳ್ಳದ ನೀರು. ನೀರಿನ ಜೊತೆ ಮೊಟ್ಟೆ ಮರಿಗಳು ಬರಬೇಡಿ ಎಂದರೆ ಕೇಳುತ್ತವೆಯೇ? ಶಿರಾ ಕೆರೆಯಲ್ಲಿ ಗಾಳಕ್ಕೆ ಬೀಳುವ ಪಕ್ಕೆ ಮೀನು ಯಾವ ಕೊಳ್ಳದ್ದೆಂದು ಹೇಳಲು ಈಗ ಮೀನುತಜ್ಞರೇ ಬೇಕು.

ಟ್ರೌಟ್ ನಮ್ಮ ನೆರೆಗೆ ಬಂದದ್ದುಂಟು. ನೀಲಗಿರಿಗೆ ತರುವ ಪ್ರಯತ್ನ 1860ರ ದಶಕದಲ್ಲೇ ಶುರುವಾಯಿತು. ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ತಂದ ಮೊಟ್ಟೆಗಳು ದಾರಿಯ ಸೆಕೆಗೆ ಉಳಿಯಲಿಲ್ಲ. ಕೊನೆಗೆ 1907ರಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿ ಮಳೆಬಿಲ್ಲು ಟ್ರೌಟನ್ನು ನೆಲೆಗೊಳಿಸಿದರು. ಕಾಶ್ಮೀರಕ್ಕೆ ಹೊರಟ ಮೊದಲ ಸರಕೂ 1899ರಲ್ಲಿ ದಾರಿಯಲ್ಲೇ ಸತ್ತು, ಮರುವರ್ಷದ್ದು ಜೀವಂತ ಮುಟ್ಟಿತು.

ಅಂದಹಾಗೆ ಮಳೆಬಿಲ್ಲು ಟ್ರೌಟ್ ಎನ್ನುವುದು ವಂಶದ ಲೆಕ್ಕದಲ್ಲಿ ಪೆಸಿಫಿಕ್ ಸಾಲ್ಮನ್‌ಗಳ ದಾಯಾದಿ. 1989ರಲ್ಲಿ ವಿಜ್ಞಾನಿಗಳು ಅದರ ಮನೆತನವನ್ನೇ ಬದಲಿಸಿದರು.

ಟ್ರೌಟ್ ಹಿಡಿಯುವವರಲ್ಲಿ ಬಹಳ ಮಂದಿ ಗಾಳಕ್ಕೆ ಎರೆಹುಳು ಚುಚ್ಚುವುದಿಲ್ಲ, ಪುಕ್ಕ ಮತ್ತು ನೂಲಿನಿಂದ ಕಟ್ಟಿದ ಹುಸಿ ನೊಣ ಕಟ್ಟುತ್ತಾರೆ. ಇದಕ್ಕೆ ಸಿಗುವ ಅತ್ಯಂತ ಹಳೆಯ ಸ್ಪಷ್ಟ ವರ್ಣನೆ ಸುಮಾರು 1,800 ವರ್ಷದ ಹಿಂದಿನದು. ರೋಮ್‌ನ ಈಲಿಯನ್ ಎಂಬ ಲೇಖಕ ಮ್ಯಾಸಿಡೋನಿಯಾದ ನದಿಯೊಂದರ ಸಂಗತಿ ಬರೆದಿಟ್ಟ: ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗಂಟಲ ಬಳಿಯ ಮೇಣದ ಬಣ್ಣದ ಎರಡು ಗರಿ ಸಿಕ್ಕಿಸುತ್ತಾರೆ, ಕೋಲು ಆರಡಿ, ದಾರವೂ ಆರಡಿ.

ಮೇಣದ ಬಣ್ಣದ ಗರಿ ಎಂದಾಗ ದೇವರಾಯನದುರ್ಗದ ಕಾಡು ನೆನಪಾಗಬೇಕು. ಅಲ್ಲಿ ಬೆಳಗಿನ ಹೊತ್ತು ಕೂಗುವ ಬೂದು ಕಾಡುಕೋಳಿಯ ಹುಂಜದ ಕತ್ತನ್ನು ಹತ್ತಿರದಿಂದ ನೋಡಿದರೆ, ಪ್ರತಿ ಗರಿಯ ಮೇಲೂ ಮೇಣ ತೊಟ್ಟಿಕ್ಕಿ ಗಟ್ಟಿಯಾದಂಥ ಹೊಳೆಯುವ ಚುಕ್ಕಿಗಳು. ಈ ಚುಕ್ಕಿ ಪುಟ್ಟ ಮೀನಿನ ಕಣ್ಣಾಗುತ್ತದೆ ಎಂದು ಕಂಡುಕೊಂಡ ಬ್ರಿಟನ್ನಿನ ಗಾಳಗಾರರು 19ನೇ ಶತಮಾನದಲ್ಲಿ ದಕ್ಷಿಣ ಭಾರತದಿಂದ ಕತ್ತಿನ ಚರ್ಮಗಳನ್ನೇ ತರಿಸಿಕೊಳ್ಳುತ್ತಿದ್ದರು. ಲಂಡನ್ನಿನ ಅಂಗಡಿಯಲ್ಲಿ ಸಾಲ್ಮನ್ ನೊಣದ ಬೆಲೆ ಏರಿದಂತೆ ನಮ್ಮ ಕಾಡಿನ ಹುಂಜ ಕಡಿಮೆಯಾಯಿತು. ಈಗ 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷೆ. ಬ್ರಿಟನ್ನಿನ ಗಾಳಗಾರರು ತಮ್ಮಲ್ಲೇ ಸಾಕಿದ ಹಕ್ಕಿಯ ಗರಿ ಬಳಸುತ್ತಾರೆ. ಇನ್ನೊಂದು ವಿಷಯ: ನಾಟಿ ಕೋಳಿಯ ಕಾಲು, ಚರ್ಮ ಹಳದಿಯಾಗಿದ್ದರೆ ಆ ಗುಣ ಇದೇ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಂಶವಾಹಿ ಪರೀಕ್ಷೆ ಹೇಳಿತು. ಉಳಿದೆಲ್ಲ ಗುಣ ಹೆಚ್ಚಾಗಿ ಕೆಂಪು ಕಾಡುಕೋಳಿಯದು.

ಹುಸಿ ನೊಣಕ್ಕೆ ತೂಕವೇ ಇಲ್ಲ. ಅದನ್ನು ದೂರ ಎಸೆಯುವುದು ಹೇಗೆ? ಎಸೆಯುವುದು ನೊಣವನ್ನಲ್ಲ, ದಾರವನ್ನು. ದಾರವೇ ದಪ್ಪ, ಭಾರ. ಚಾಟಿ ಬೀಸಿದಂತೆ ಹಿಂದೆ ಮುಂದೆ ಬೀಸಿದಾಗ ನೊಣ ಅದರ ತುದಿಗೆ ತೇಲಿಕೊಂಡು ಹೋಗುತ್ತದೆ. ನಮ್ಮ ಬೆಂಡಿನ ಗಾಳದಲ್ಲಿ ಇದು ತಿರುವುಮುರುವು: ತೂಕವೆಲ್ಲ ತುದಿಯ ಸೀಸದ ಗುಂಡಿನಲ್ಲಿ, ದಾರ ಹಗುರ.

ಜಗತ್ತಿನಲ್ಲಿ ಸಿಕ್ಕಿರುವ ಅತಿ ಹಳೆಯ ಗಾಳದ ವಯಸ್ಸು ಸುಮಾರು 23,000 ವರ್ಷ. ಜಪಾನಿನ ಓಕಿನಾವಾ ದ್ವೀಪದ ಗುಹೆಯದು, ಕಡಲ ಬಸವನಹುಳುವಿನ ಚಿಪ್ಪನ್ನು ಉಜ್ಜಿ ಮಾಡಿದ್ದು.

ಗಾಳದ ಬಗ್ಗೆ ಕನ್ನಡ ನಾಡಿನ ರಾಜನೊಬ್ಬ ಅಧ್ಯಾಯವನ್ನೇ ಬರೆದಿದ್ದಾನೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಆರನೇ ವಿಕ್ರಮಾದಿತ್ಯನ ಮಗ, ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ. 1130ರ ಆಸುಪಾಸಿನಲ್ಲಿ ಅವನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳು, ಆನೆ, ಅಡುಗೆ, ಚಿತ್ರ, ಸಂಗೀತ ಎಲ್ಲದರ ನಡುವೆ ‘ಮತ್ಸ್ಯವಿನೋದ’ವೂ ಒಂದು. ಸಮುದ್ರದ ಮೀನು ಯಾವುದು, ನದಿಯದು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂದೆಲ್ಲ ಹೇಳುತ್ತಾನೆ. ಹಿಡಿಯುವ ಮೊದಲು ಒಂದೇ ಜಾಗದಲ್ಲಿ ಮೇವು ಹಾಕಿ ಮೀನನ್ನು ರೂಢಿಮಾಡಬೇಕು ಎಂಬುದೂ ಅದರಲ್ಲಿದೆ. ಇವತ್ತು ಏರಿಯ ಮೇಲೆ ಕೂರುವ ಅಜ್ಜ ನಾಲ್ಕು ಹಿಡಿ ಬೂಸಾ ಎರಚಿ ಬೀಡಿ ಹಚ್ಚುವುದು ಅದೇ ಶಾಸ್ತ್ರ. ಇಂಗ್ಲಿಷಿನಲ್ಲಿ ಗಾಳದ ಮೊದಲ ಮುದ್ರಿತ ಪುಸ್ತಕ ಬಂದದ್ದು 1496ರಲ್ಲಿ. ಸೋಮೇಶ್ವರ ಅದಕ್ಕೆ ಮುನ್ನೂರೈವತ್ತು ವರ್ಷಕ್ಕೂ ಹಿರಿಯ. ಹಾಗಿದ್ದೂ ನಮ್ಮ ಶಾಲೆಯ ಪುಸ್ತಕದಲ್ಲಿ ಅವನಿಗೆ ಸಿಗುವುದು ‘ಸರ್ವಜ್ಞ ಚಕ್ರವರ್ತಿ’ ಎಂಬ ಬಿರುದಿನ ಒಂದು ಸಾಲು. ಗ್ರಂಥ ಸಂಸ್ಕೃತದ್ದು ಎಂಬ ನೆಪ ಸಾಲದು, ಬೆಂಡು ಮುಳುಗುವುದನ್ನು ಕಾದು ಕೂತ ರಾಜ ನಮ್ಮ ಬಸವಕಲ್ಯಾಣದವನು.

ಭಾರತದ ಗಾಳಗಾರರು ಇಂದಿಗೂ ಹುಡುಕಿ ಓದುವ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಅಚ್ಚಾದದ್ದು ಎಲ್ಲಿ? ಮಂಗಳೂರಿನಲ್ಲಿ. ಬರೆದವರು ಆಗ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಅದರಲ್ಲಿ ಮೆರೆದದ್ದು ನದಿಯ ಮಹಸೀರ್. ಆದರೆ ಅದೇ ಥಾಮಸ್ 1887ರಲ್ಲಿ ಇನ್ನೊಂದು ಪುಸ್ತಕ ತಂದರು: ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’. ಪೂರ್ತಿ ಕೆರೆಯ ಗಾಳಕ್ಕೇ ಮೀಸಲು! ನಮ್ಮ ಸೀಮೆಗೆ ಹೊಂದುವುದು ಇದು.

ಕಾವೇರಿ ಕೊಳ್ಳದ ಅತಿ ದೊಡ್ಡ ದಾಖಲೆ ಮಹಸೀರ್ ಗಾಳಕ್ಕೆ ಬಿದ್ದದ್ದು 1946ರಲ್ಲಿ, ತೂಕ 120 ಪೌಂಡ್, ಅಂದರೆ 54 ಕಿಲೋ. ಹಿಡಿದವರು ಮೈಸೂರಿನ ಹೆಸರಾಂತ ವ್ಯಾನ್ ಇಂಗೆನ್ ಮನೆತನದವರು. ಆ ಡುಬ್ಬದ ಮಹಸೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು.

ಬೆಂಡನ್ನು ಎಷ್ಟು ಆಳಕ್ಕೆ ಕಟ್ಟಬೇಕು? ಕಾಟ್ಲಾ ಮೇಲುನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಮೂರನ್ನೂ ಒಂದೇ ಕೆರೆಗೆ ಬಿಡುವ ಉಪಾಯದ ಹಿಂದಿನ ಲೆಕ್ಕ ಇದೇ, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಕಾಟ್ಲಾದ ಬಾಯಿ ಮೇಲ್ಮುಖ, ಮೃಗಾಲ್‌ನದು ಕೆಳಮುಖ. ಬಾಯಿ ನೋಡಿದರೆ ವಿಳಾಸ ತಿಳಿಯುತ್ತದೆ. ರಾಗಿಮುದ್ದೆಯ ಉಂಡೆಗೆ ಹೆಚ್ಚು ಮರುಳಾಗುವುದು ಗೆಂಡೆಗಳು. ಕೊರವಕ್ಕೆ ಮುದ್ದೆ ಬೇಡ, ಕಪ್ಪೆ ಬೇಕು.

ಏರಿಯ ಮೇಲೆ ನೆಟ್ಟಗೆ ನಿಂತರೆ ಮೀನಿಗೆ ನೀವು ಕಾಣುತ್ತೀರಿ. ನೀರಿನೊಳಗಿನಿಂದ ಹೊರ ಜಗತ್ತು ಮೀನಿಗೆ ಕಾಣುವುದು ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯ ಮೂಲಕ. ಬೆಳಕು ಬಾಗುವುದರಿಂದ ದಿಗಂತದವರೆಗಿನ ಎಲ್ಲವೂ ಆ ಕಿಂಡಿಯೊಳಗೆ ಮುದುಡಿಕೊಳ್ಳುತ್ತದೆ. ಕೂತವನು ಕಿಂಡಿಯ ಅಂಚಿನಲ್ಲಿ ಗೆರೆಯಷ್ಟಾಗುತ್ತಾನೆ. ಸ್ಕಾಟ್‌ಲೆಂಡಿನ ಟ್ರೌಟ್‌ಗೂ ಕೊರಟಗೆರೆಯ ತುಂಬಾಡಿ ಕೆರೆಯ ರೋಹುವಿಗೂ ಈ ನಿಯಮ ಒಂದೇ.

ಕಾಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರದ ದೊಡ್ಡ ನದಿಗಳವು. ನಿಂತ ನೀರಿನಲ್ಲಿ ಮರಿ ಮಾಡವು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಮೊಟ್ಟೆಯಿಡಿಸಿದರು. ಪಳವಳ್ಳಿ ಕೆರೆಗೂ ಬಿಜವರ ಕೆರೆಗೂ ಲಾರಿಯಲ್ಲಿ ಬಿತ್ತನೆ ಮರಿ ಬಂದು ಬೀಳಲು ಸಾಧ್ಯವಾದದ್ದು ಆ ಸೂಜಿಯಿಂದ. ಜುಲೈ 10 ಈಗ ರಾಷ್ಟ್ರೀಯ ಮೀನುಕೃಷಿಕರ ದಿನ.

ನೀರು ಹಿಂಜರಿದ ಕೆರೆಯಂಗಳದ ಕೆಸರಿನಲ್ಲಿ ಊಟದ ತಟ್ಟೆಯಗಲದ ಗುಂಡಿಗಳು ಒತ್ತೊತ್ತಾಗಿ ಕಂಡರೆ ಯಾವುದೋ ಪ್ರಾಣಿ ಕೆರೆದದ್ದೆಂದು ತಿಳಿಯಬೇಡಿ. ಅವು ಜಿಲೇಬಿ ಮೀನಿನ ಗಂಡುಗಳು ಬಾಯಿಯಿಂದ ಮಣ್ಣು ಕಚ್ಚಿ ತೆಗೆದು ಮಾಡಿದ ಗೂಡು. ಹೆಣ್ಣು ಬಂದು ಮೊಟ್ಟೆಯಿಟ್ಟು, ತಕ್ಷಣ ಬಾಯಲ್ಲಿ ತುಂಬಿಕೊಂಡು ಹೊರಡುತ್ತಾಳೆ. ಮರಿಯಾಗುವವರೆಗೂ ಹೆಚ್ಚುಕಡಿಮೆ ಉಪವಾಸ. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕಾ ಮೂಲದ ಮೀನು ಇಂದು ಕೆರೆಕೆರೆಯಲ್ಲೂ ತಾನೇ ಮನೆಯೊಡೆಯ.

ಗಾಳವೇ ಇಲ್ಲದೆ ಎಲ್ಲರಿಗಿಂತ ಚೆನ್ನಾಗಿ ಮೀನು ಹಿಡಿಯುವವರನ್ನು ನೋಡಬೇಕೆಂದರೆ ಶಿರಾ ಬಳಿಯ ಕಗ್ಗಲಡುವಿಗೆ ಹೋಗಿ. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ವರ್ಷದ ಮೊದಲ ತಿಂಗಳುಗಳಿಂದಲೇ ಗೂಡು ಕಟ್ಟುತ್ತವೆ. ಊರವರೇ ಅವಕ್ಕೆ ಕಾವಲು. ಬಕ ಕಣ್ಣಿನಿಂದ ಬೇಟೆಯಾಡುತ್ತದೆ. ಕೊಕ್ಕರೆಗೆ ಕಣ್ಣು ಬೇಕಿಲ್ಲ: ಕೊಕ್ಕನ್ನು ಅರೆ ತೆರೆದು ರಾಡಿಯಲ್ಲಿ ಅದ್ದಿ ಅತ್ತಿತ್ತ ಆಡಿಸುತ್ತದೆ, ಒಂದು ಕಾಲಿನಿಂದ ಕೆಸರು ಕಲಕುತ್ತದೆ, ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚುತ್ತದೆ. ಇದೇ ಬಳಗದ ಅಮೆರಿಕದ ಕೊಕ್ಕರೆಯೊಂದರ ಕೊಕ್ಕು ಮುಚ್ಚುವ ವೇಗ ಅಳೆದಾಗ ಸಿಕ್ಕ ಉತ್ತರ, ಸೆಕೆಂಡಿನ ನಲವತ್ತನೆಯ ಒಂದು ಪಾಲು. ಕೆರೆ ಬತ್ತುವ ಕಾಲಕ್ಕೆ ಮರಿ ಮಾಡುವುದರ ಗುಟ್ಟೂ ತಿಳಿಯಿತಲ್ಲ? ಒತ್ತಾದ ಮೀನು ಅವಕ್ಕೂ ಸುಲಭ.

ಪೂರಾ ಒಣಗಿ ಬಿರುಕು ಬಿಟ್ಟ ಕೆರೆಗೆ ಮಳೆ ಬಂದ ಮೇಲೆ ಮೀನು ಎಲ್ಲಿಂದ ಬರುತ್ತದೆ? ಆಕಾಶದಿಂದ ಉದುರುವುದಿಲ್ಲ. ಕೊರವ, ಮುರುಗೋಡು, ಚೇಳು ಮೀನಿನಂಥವು ತಳದ ಹಸಿ ಕೆಸರಿನಲ್ಲಿ ಗಾಳಿ ಉಸಿರಾಡುತ್ತ ಕಾದಿರುತ್ತವೆ. ಉಳಿದವು ಮೇಲಿನ ಕೆರೆಯ ಕೋಡಿಯಿಂದ ಇಳಿದು ಬರುತ್ತವೆ, ಇಲ್ಲವೇ ಕೆಳಗಿನ ಕೆರೆಯಿಂದ ಹಳ್ಳ ಹತ್ತಿ ಬರುತ್ತವೆ. ನಮ್ಮ ಹಿರಿಯರು ಕೆರೆಗಳನ್ನು ಒಂಟಿಯಾಗಿ ಕಟ್ಟಲಿಲ್ಲ, ಒಂದರ ಕೋಡಿ ಇನ್ನೊಂದರ ಬಾಯಿಗೆ ಬೀಳುವಂತೆ ಸಾಲಾಗಿ ಕಟ್ಟಿದರು. ರಾಜಕಾಲುವೆ ಮುಚ್ಚಿ ಸೈಟು ಮಾಡಿದರೆ ನೀರಿನ ದಾರಿಯ ಜೊತೆ ಮೀನಿನ ದಾರಿಯೂ ಮುಚ್ಚಿತು. 2022ರಲ್ಲಿ ಜಯಮಂಗಲಿ ಉಕ್ಕಿ ಹರಿದು ಸಾಲು ಸಾಲು ಕೆರೆ ಕೋಡಿ ಬಿದ್ದಾಗ ಕೋಡಿಯ ಕೆಳಗೆ ಬಲೆ, ಸೊಳ್ಳೆಪರದೆ, ಹಳೆಯ ಸೀರೆ ಹಿಡಿದು ನಿಂತ ಊರುಗಳಿಗೆ ಈ ಪಾಠ ಹೇಳಬೇಕಿಲ್ಲ.

ಟ್ರೌಟ್ ನದಿಯಲ್ಲಿ ವಸಂತಕ್ಕೆ ಮೇಫ್ಲೈ ಎಂಬ ಹುಳು ನೀರಿನಿಂದ ಎದ್ದು ಹಾರಿದಾಗ ಮೀನುಗಳು ಮೈಮರೆತು ಮೇಲೆ ಬರುತ್ತವೆ. ಹುಸಿ ನೊಣದ ವಿದ್ಯೆ ನಿಂತಿರುವುದೇ ಆ ಗಳಿಗೆಯ ಮೇಲೆ. ನಮ್ಮಲ್ಲಿ ಆ ಗಳಿಗೆ ಮೊದಲ ಹದಮಳೆಯ ಸಂಜೆ, ಹುತ್ತದಿಂದ ಈಸಲು ಹುಳು ಎದ್ದು ರೆಕ್ಕೆ ಕಳಚಿ ನೀರಿಗೆ ಬಿದ್ದಾಗ. ಅವತ್ತು ಮುದ್ದೆ ಕಟ್ಟಿದವನ ಬೆಂಡು ಅಲುಗುವುದಿಲ್ಲ, ಮೀನಿನ ಗಮನವೆಲ್ಲ ಮೇಲೆ.

ನಸುಕಿನಲ್ಲಿ ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಹಸಿವೆಂದುಕೊಂಡು ಗಾಳ ಎಸೆಯಬೇಡಿ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ನೀರಿನ ಆಮ್ಲಜನಕ ಬೆಳಗಿನ ಜಾವಕ್ಕೆ ತಳ ಮುಟ್ಟಿರುತ್ತದೆ; ಅದು ಏದುಸಿರು. ಮೋಡ ಮುಸುಕಿದ ದಿನದ ಮಾರನೆಯ ಬೆಳಿಗ್ಗೆ ಕೆರೆಯಲ್ಲಿ ರಾಶಿ ಮೀನು ತೇಲಿದರೆ ವಿಷ ಹಾಕಿದರೆಂದು ಜಗಳಕ್ಕೆ ಹೋಗುವ ಮುನ್ನ ಈ ಕಾರಣವನ್ನೂ ನೋಡಿ.

ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಗೆ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧ ಹಾಕಿದೆ. ಅದೂ ಗಾಳಿ ಉಸಿರಾಡುತ್ತದೆ, ಕೋಳಿ ತ್ಯಾಜ್ಯವನ್ನೂ ತಿನ್ನುತ್ತದೆ, ಹೊಂಡದಿಂದ ತಪ್ಪಿಸಿಕೊಂಡು ಕೆರೆ ಸೇರಿದರೆ ನಮ್ಮ ಮುರುಗೋಡು, ಗಿರ್ಲುಗಳನ್ನು ಮುಗಿಸುತ್ತದೆ. ಹೊಂಡದಲ್ಲಿ ಕದ್ದು ಸಾಕುವವರು ಇನ್ನೂ ಇದ್ದಾರೆ. ಇದರಲ್ಲಿ ಎರಡು ಮಾತಿಲ್ಲ, ಅದು ಕೆರೆಗೆ ಮಾಡುವ ದ್ರೋಹ.

ಕೊನೆಯದಾಗಿ ಮತ್ತೆ ಕೊರವ. ಇದು ಮೊಟ್ಟೆಯಿಟ್ಟು ಮರೆಯುವ ಮೀನಲ್ಲ. ಜೊಂಡಿನ ನಡುವೆ ಜಾಗ ಬಿಡಿಸಿ ತೇಲುವ ಮೊಟ್ಟೆಯಿಟ್ಟು, ಮರಿಗಳು ಸ್ವಂತ ಬಲದ ಮೇಲೆ ನಿಲ್ಲುವವರೆಗೂ ತಂದೆತಾಯಿ ಅವುಗಳ ಕೆಳಗೇ ಕಾವಲಿರುತ್ತವೆ. ಕಿತ್ತಳೆ ಕೆಂಪಿನ ಮರಿಗಳು ನೂರಾರು ಸಂಖ್ಯೆಯಲ್ಲಿ ಒಟ್ಟಾಗಿ, ಒಂದೇ ಚೆಂಡಿನ ಹಾಗೆ ನೀರಿನ ಮೇಲೆ ಕುದಿಯುತ್ತ ಸಾಗುತ್ತವೆ. ಕಪ್ಪೆ ಚುಚ್ಚಿದ ಗಾಳವನ್ನು ಅಲ್ಲಿ ಇಳಿಬಿಟ್ಟರೆ ದೊಡ್ಡ ಮೀನು ಸಾಮಾನ್ಯವಾಗಿ ಕಚ್ಚುತ್ತದೆ. ಹಸಿವಿಗಲ್ಲ, ಮರಿಗಳ ಮೇಲೆ ಬಂದದ್ದನ್ನು ಓಡಿಸಲು. ಕಾವಲಿನ ಮೀನು ಹೋದ ಮೇಲೆ ಜಿಲೇಬಿಗಳು ಮರಿಗಳನ್ನು ಹೆಕ್ಕತೊಡಗುತ್ತವೆ. ಮುಂಗಾರಿನ ಮೊದಲ ಮಳೆಗಳ ನಂತರ ನಿಮ್ಮೂರ ಕೆರೆಯಲ್ಲಿ ಆ ಕೆಂಪು ಗುಂಪು ಕಂಡರೆ ಗಾಳವನ್ನು ಇಪ್ಪತ್ತು ಮಾರು ಆಚೆ ಹಾಕಿ, ಪಕ್ಕದಲ್ಲಿ ಕೂತ ಹುಡುಗರಿಗೂ ಹೇಳಿ.